ಕೊಳ್ಳುವುದೋ, ಬಾಡಿಗೆಗೆ ತರುವುದೋ?

ಮನೆಯ ಮುಂದೆ ಸ್ವಂತ ಟ್ರ್ಯಾಕ್ಟರ್ ನಿಂತಿದ್ದರೆ ಅದರ ಗತ್ತೇ ಬೇರೆ. ಬೀಗರು ಬಂದರೂ ಮೊದಲು ಕಣ್ಣು ಹೋಗುವುದು ಅದರ ಮೇಲೆಯೇ. ಆದರೂ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಎಷ್ಟೋ ರೈತ ಕುಟುಂಬಗಳು ಸ್ವಂತ ಯಂತ್ರವಿಲ್ಲದೆಯೇ ಹೊಲ ಹದ ಮಾಡುತ್ತವೆ, ಬಿತ್ತುತ್ತವೆ, ರಾಶಿ ಮಾಡುತ್ತವೆ. ತಾಸಿನ ಲೆಕ್ಕಕ್ಕೋ ಎಕರೆಯ ಲೆಕ್ಕಕ್ಕೋ ಯಂತ್ರ ತಂದು ಕೆಲಸ ಮುಗಿಸುತ್ತವೆ. ಇದಕ್ಕೆ ಕೈಯಲ್ಲಿ ಹಣವಿಲ್ಲದಿರುವುದೊಂದೇ ಕಾರಣವೆ? ಅಥವಾ ಇದರ ಹಿಂದೆ ಬೇರೆ ಲೆಕ್ಕಾಚಾರವೂ ಉಂಟೆ?

ಹಂಚಿಕೊಳ್ಳುವುದು ಹೊಸದಲ್ಲ

ಈ ಭಾಗಕ್ಕೆ ಹಂಚಿಕೆಯ ಬದುಕು ಹೊಸದೇನೂ ಅಲ್ಲ. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎನ್ನುವ ಮುಯ್ಯಾಳು ಪದ್ಧತಿ ಹಿರಿಯರಿಗೆಲ್ಲ ಗೊತ್ತು. ಒಂದೊಂದೇ ಎತ್ತು ಇದ್ದ ಇಬ್ಬರು ರೈತರು ಕೂಡಿ ಜೋಡಿ ಕಟ್ಟಿಕೊಳ್ಳುತ್ತಿದ್ದರು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಯ ಜಾತ್ರೆಗೆ ಹೊರಟ ನಾಲ್ಕಾರು ಮನೆಯವರು ಒಂದೇ ಗಾಡಿ ಗೊತ್ತುಮಾಡಿಕೊಳ್ಳುವುದೂ ಇದೇ ಬುದ್ಧಿ. ಹಣದ ವಿಷಯದಲ್ಲಿಯೂ ಅಷ್ಟೆ: 1905ರಲ್ಲಿ ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಹುಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ಊರವರ ಚಿಕ್ಕ ಚಿಕ್ಕ ಪಾಲುಗಳ ಮೇಲೆಯೇ ನಿಂತಿತು.

ಹೊಲ ಸಣ್ಣದು, ಯಂತ್ರ ದೊಡ್ಡದು

ಕೃಷಿ ಗಣತಿಯ ಪ್ರಕಾರ 1970-71ರಲ್ಲಿ ದೇಶದ ಸರಾಸರಿ ಹಿಡುವಳಿ 2.28 ಹೆಕ್ಟೇರ್ ಇತ್ತು. 2015-16ರ ಹೊತ್ತಿಗೆ ಅದು 1.08 ಹೆಕ್ಟೇರಿಗೆ, ಅಂದರೆ ಎರಡೂವರೆ ಎಕರೆಯ ಆಸುಪಾಸಿಗೆ ಇಳಿಯಿತು. ಅಣ್ಣತಮ್ಮಂದಿರು ಬೇರೆಯಾದಂತೆ ಹೊಲ ಕಿರಿದಾಯಿತು. ಯಂತ್ರದ ಬೆಲೆ ಮಾತ್ರ ಏರುತ್ತಲೇ ಹೋಯಿತು.

ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಿ ನೋಡಬಹುದು. ಅಂಕಿಗಳು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡವು, ಪೇಟೆಯ ದರವಲ್ಲ. ಟ್ರ್ಯಾಕ್ಟರಿಗೆ ಜೋಡಿಸುವ ಒಂದು ಉಪಕರಣಕ್ಕೆ 1,20,000 ರೂಪಾಯಿ, ಅದರ ಬಾಳಿಕೆ 8 ವರ್ಷ ಎಂದುಕೊಳ್ಳೋಣ. ವರ್ಷದ ಸವಕಳಿ 15,000 ರೂಪಾಯಿ. ಬಡ್ಡಿ, ದುರಸ್ತಿಗೆ 9,000 ಸೇರಿದರೆ ಒಟ್ಟು 24,000. ಐದು ಎಕರೆಯ ರೈತನಿಗೆ ಅದರಿಂದ ವರ್ಷಕ್ಕೆ 10 ತಾಸಿನ ಕೆಲಸವಿದ್ದರೆ, ತಾಸಿಗೆ ಬಿದ್ದ ಖರ್ಚು 2,400 ರೂಪಾಯಿ! ಅದೇ ಉಪಕರಣ ತಾಸಿಗೆ 400 ರೂಪಾಯಿಯಂತೆ ಬಾಡಿಗೆಗೆ ಸಿಕ್ಕರೆ 4,000ದಲ್ಲಿ ಕೆಲಸ ಮುಗಿಯಿತು. ಸ್ವಂತಕ್ಕೆ ಕೊಂಡದ್ದು ಬಾಡಿಗೆಗೆ ಸಮವಾಗಬೇಕಾದರೆ ವರ್ಷಕ್ಕೆ 60 ತಾಸು ದುಡಿಯಬೇಕು. ಅಂಥ ಆರು ಮನೆಗಳು ಕೂಡಿ ಕೊಂಡರೂ ಲೆಕ್ಕ ಸರಿಹೋಗುತ್ತದೆ.

ಇನ್ನೊಂದು ಮಾತೂ ಇದೆ. ಸವದತ್ತಿ, ರಾಮದುರ್ಗಗಳ ಎರೆಭೂಮಿಯಲ್ಲಿ ಮಳೆ ಕೈಕೊಟ್ಟ ವರ್ಷ ಬಾಡಿಗೆ ತರುವ ಪ್ರಮೇಯವೇ ಬರುವುದಿಲ್ಲ. ಸಾಲದ ಕಂತಿಗೆ ಮಾತ್ರ ಮಳೆಯ ಹಂಗಿಲ್ಲ. ಆಗ ಮಗಳ ಕಾಲೇಜಿನ ಫೀಗೆಂದು ಎತ್ತಿಟ್ಟ ಹಣವೇ ಕಂತಿಗೆ ಹೋಗುತ್ತದೆ.

ಈ ಕಷ್ಟ ಅರಿತೇ ಕರ್ನಾಟಕ ಸರ್ಕಾರ 2014-15ರಲ್ಲಿ ಹೋಬಳಿ ಮಟ್ಟದ ‘ಕೃಷಿ ಯಂತ್ರಧಾರೆ’ ಬಾಡಿಗೆ ಕೇಂದ್ರಗಳನ್ನು ಆರಂಭಿಸಿತು. ಪೇಟೆಗಿಂತ ಕಡಿಮೆ ದರದಲ್ಲಿ ಸಣ್ಣ ರೈತರಿಗೂ ಯಂತ್ರಗಳು ಸಿಗಲಿ ಎಂಬುದು ಉದ್ದೇಶ. ಹಲವು ಕೇಂದ್ರಗಳ ನಿರ್ವಹಣೆಯನ್ನು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯಂಥ ಸಂಸ್ಥೆಗಳು ವಹಿಸಿಕೊಂಡವು.

ಹದ ಕಾಯುವುದಿಲ್ಲ

ಹಾಗಾದರೆ ಎಲ್ಲವನ್ನೂ ಬಾಡಿಗೆಗೇ ತರಬಹುದೆ? ಅಲ್ಲೊಂದು ತೊಡಕಿದೆ. ಹಿಂಗಾರಿಯಲ್ಲಿ ಮಳೆ ಬಿದ್ದು ಎರೆಭೂಮಿ ಹದಕ್ಕೆ ಬಂದಾಗ ಬಿಳಿಜೋಳ, ಕಡಲೆ ಬಿತ್ತಲು ಸಿಗುವುದು ಕೆಲವೇ ದಿನ. ಆಗ ಊರಿಗೆ ಊರೇ ಕೂರಿಗೆಗಾಗಿ ಓಡಾಡುತ್ತದೆ. ಸರದಿ ಬರುವಷ್ಟರಲ್ಲಿ ಹಸಿ ಆರಿದರೆ ಬಾಡಿಗೆಯಲ್ಲಿ ಉಳಿಸಿದ್ದು ಬೆಳೆಯಲ್ಲಿ ಹೋಯಿತು! ಆದ್ದರಿಂದ ಹದ ನೋಡಿ ಮಾಡುವ ಕೆಲಸದ ಸಣ್ಣ ಸಲಕರಣೆ ಮನೆಯಲ್ಲಿರಲಿ, ನಾಲ್ಕು ದಿನ ತಡವಾದರೂ ನಡೆಯುವ ಕೆಲಸದ ದೊಡ್ಡ ಯಂತ್ರ ಬಾಡಿಗೆಗೆ ಬರಲಿ ಎನ್ನುವುದು ಜಾಣತನ. ಕಿತ್ತೂರು ಕಡೆ ಮುಂಗಾರಿ ಬಿತ್ತನೆಯ ಭರಾಟೆ, ರಾಮದುರ್ಗದ ಕಡೆ ಹಿಂಗಾರಿಯದು. ಹೀಗೆ ಕಾಲ ಬೇರೆಯಾದಲ್ಲಿ ಒಂದೇ ಯಂತ್ರ ಎರಡೂ ಕಡೆ ದುಡಿಯಬಲ್ಲದು.

ಕೂಡಿ ಕೊಳ್ಳುವವರಿಗೂ ಒಂದು ಎಚ್ಚರಿಕೆ ಬೇಕು. ಎಲ್ಲರದೂ ಆದ ವಸ್ತು ಯಾರದೂ ಅಲ್ಲದಂತಾಗುವುದುಂಟು. ಸರದಿ ಯಾರದು, ಮುರಿದರೆ ದುರಸ್ತಿ ಯಾರದು ಎಂಬುದನ್ನು ಮೊದಲೇ ಪುಸ್ತಕದಲ್ಲಿ ಬರೆದಿಟ್ಟರೆ ನೆಂಟಸ್ತಿಕೆಯೂ ಉಳಿಯುತ್ತದೆ, ಯಂತ್ರವೂ ಉಳಿಯುತ್ತದೆ.

ಮನೆಗೂ ಇದೇ ಲೆಕ್ಕ

ಈ ಲೆಕ್ಕ ಹೊಲಕ್ಕಷ್ಟೇ ಅಲ್ಲ. ಮದುವೆಯ ದೊಡ್ಡ ಬಾಂಡೆಗಳನ್ನು ಯಾರೂ ಕೊಂಡಿಡುವುದಿಲ್ಲ, ಬಾಡಿಗೆಗೆ ತರುತ್ತಾರೆ. ಒಮ್ಮೆ ಓದಿ ಮುಗಿಸುವ ಪುಸ್ತಕಕ್ಕೆ ಗ್ರಂಥಾಲಯವಿದೆ. ದಿನವೂ ತೆರೆಯುವ ನಿಘಂಟು ಮಾತ್ರ ಸ್ವಂತದ್ದೇ ಇರಬೇಕು. ಏನನ್ನಾದರೂ ಕೊಳ್ಳುವ ಮುನ್ನ ವರ್ಷಕ್ಕೆ ಎಷ್ಟು ದಿನ ಬೇಕು, ಬೇಕಾದ ದಿನ ಹೊರಗೆ ಸಿಕ್ಕೀತೆ ಎಂಬ ಎರಡು ಪ್ರಶ್ನೆಗಳನ್ನು ಹೆತ್ತವರೂ ಮಕ್ಕಳೂ ಕೂಡಿ ಕುಳಿತು ಕೇಳಿಕೊಳ್ಳಲಿ. ಉತ್ತರ ಗತ್ತಿನಿಂದ ಬರದೆ ಲೆಕ್ಕದಿಂದ ಬಂದರೆ ಮನೆ ಸಾಲಕ್ಕೆ ಸಿಕ್ಕುವುದು ತಪ್ಪೀತು.