ಅಜ್ಜನ ಹೃದಯಕ್ಕೆ ಮೊಮ್ಮಕ್ಕಳ ಆಟ

ವ್ಯಾಪಾರವನ್ನೇ ನಂಬಿದ ನಮ್ಮ ಮನೆಗಳಲ್ಲಿ ಹಿರಿಯರು ಬೆಳಿಗ್ಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತರೆ ಏಳುವುದು ಊಟದ ಹೊತ್ತಿಗೇ. ಸಾಮಾನು ತೆಗೆದುಕೊಡಲು ಕೆಲಸದವರಿದ್ದಾರೆ, ಮನೆಗೆ ಮರಳಲು ವಾಹನವಿದೆ. ಇಂಥವರಿಗೆ ವೈದ್ಯರು ‘ಹಾರ್ಟ್ ಫೇಲ್ಯೂರ್’ ಎಂದು ಹೇಳಿದರೆ ಮುಗಿಯಿತು, ಮನೆಯವರು ಅವರನ್ನು ಕುರ್ಚಿಯಿಂದ ಏಳಗೊಡುವುದಿಲ್ಲ. ಪ್ರೀತಿಯಿಂದ ಮಾಡುವ ಈ ಉಪಚಾರವೇ ಅನೇಕ ಸಲ ರೋಗಿಗೆ ಮುಳುವಾಗುತ್ತದೆ.

ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಯಿತೆಂದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ತಳ್ಳುವ ಶಕ್ತಿ ಅದಕ್ಕೆ ಸಾಲದೆ ಬಂದಿದೆ ಎಂದರ್ಥ. ಕಾಲು ಬಾತುಕೊಳ್ಳುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಏದುಸಿರಿಗೆ ಹೆದರಿ ಕುಳಿತರೆ ಕಾಲಿನ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯುಗಳಿಂದ ಸ್ವಲ್ಪ ನಡೆದರೂ ಮತ್ತಷ್ಟು ಏದುಸಿರು. ಈ ಸುಳಿಯಿಂದ ಹೊರಬರಲು ವೈದ್ಯರು ಹೇಳುವ ದಾರಿ, ಔಷಧಿಯ ಜೊತೆಗೆ ಮಿತವಾದ ನಿತ್ಯ ವ್ಯಾಯಾಮ. 2009ರಲ್ಲಿ ಪ್ರಕಟವಾದ, 2331 ರೋಗಿಗಳನ್ನೊಳಗೊಂಡ ಒಂದು ದೊಡ್ಡ ಅಧ್ಯಯನವು ಇಂಥ ವ್ಯಾಯಾಮ ಅಪಾಯಕರವಲ್ಲವೆಂದು ತೋರಿಸಿಕೊಟ್ಟಿದೆ.

ಇದು ಇಳಿವಯಸ್ಸಿನವರ ಚಿಂತೆ ಮಾತ್ರವೆಂದು ತಿಳಿಯಬಾರದು. 2013ರಲ್ಲಿ ತಿರುವನಂತಪುರದ ಆಸ್ಪತ್ರೆಗಳಿಗೆ ಈ ಕಾಯಿಲೆಯಿಂದ ದಾಖಲಾದ 1205 ಮಂದಿಯ ವಿವರ ಸಂಗ್ರಹಿಸಿದಾಗ, ಅವರ ಸರಾಸರಿ ವಯಸ್ಸು 61 ವರ್ಷವಷ್ಟೇ ಆಗಿತ್ತು. ಅಂಗಡಿಯ ಹೊಣೆ ಇನ್ನೂ ಹೆಗಲ ಮೇಲಿರುವ ಪ್ರಾಯ ಅದು.

ಆದರೆ ಉಪ್ಪಳ, ಮಂಜೇಶ್ವರದಂಥ ಊರಿನವರು ವ್ಯಾಯಾಮ ಮಾಡುವುದೆಲ್ಲಿ? ದೊಡ್ಡ ಚಿಕಿತ್ಸೆಗೆ ನಮಗೆ ಮಂಗಳೂರೇ ಗತಿ. 2020ರ ಮಾರ್ಚಿಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ನಮ್ಮ ಭಾಗದ ರೋಗಿಗಳು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಬರೇ ವ್ಯಾಯಾಮಕ್ಕೆಂದು ವಾರಕ್ಕೆ ಎರಡು ಮೂರು ಸಲ ಅಷ್ಟು ದೂರ ಹೋಗಿಬರುವುದು ಆಗದ ಮಾತು. ಹೆದ್ದಾರಿಯ ಬದಿಯಲ್ಲಿ ನಡೆಯಲು ಭಯ, ಆಟಿ ತಿಂಗಳ ಮಳೆಯಲ್ಲಿ ಅಂಗಳಕ್ಕಿಳಿಯುವುದೂ ಕಷ್ಟ. ಮನೆಯೊಳಗೇ ಆಗುವ ಉಪಾಯ ಬೇಕು.

ಸ್ವೀಡನ್ ದೇಶದ ಲಿಂಚೋಪಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಒಂದು ಉಪಾಯವನ್ನು ಪರೀಕ್ಷಿಸಿದರು. ನಿಂಟೆಂಡೊ ಕಂಪೆನಿಯು 2006ರಲ್ಲಿ ‘ವೀ’ ಎಂಬ ವಿಡಿಯೋ ಆಟದ ಯಂತ್ರವನ್ನು ಹೊರತಂದಿತ್ತು. ಇದರಲ್ಲಿ ಬೆರಳಾಡಿಸಿದರೆ ಸಾಲದು. ಕೈಯಲ್ಲಿ ರಿಮೋಟಿನಂಥ ಸಾಧನ ಹಿಡಿದು ನಿಜವಾಗಿ ತೋಳು ಬೀಸಬೇಕು. ಆಗ ಟಿ.ವಿ. ಪರದೆಯ ಮೇಲೆ ಟೆನ್ನಿಸ್ ಚೆಂಡು ಹಾರುತ್ತದೆ, ಬೌಲಿಂಗ್ ಚೆಂಡು ಉರುಳುತ್ತದೆ. ಮೊದಲು 32 ಹೃದ್ರೋಗಿಗಳ ಮನೆಗೆ ಈ ಯಂತ್ರ ಕೊಟ್ಟು 12 ವಾರ ನೋಡಿದರು. ಅವರು ದಿನಕ್ಕೆ ಸರಾಸರಿ 28 ನಿಮಿಷ ಆಡಿದ್ದರು. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲರೆಂದು ಅಳೆದಾಗ, ಅರ್ಧಕ್ಕಿಂತ ಹೆಚ್ಚು ಮಂದಿ ಮೊದಲಿಗಿಂತ ಚೆನ್ನಾಗಿ ನಡೆದರು.

ಬಳಿಕ ಆರು ದೇಶಗಳ 605 ರೋಗಿಗಳನ್ನು ಸೇರಿಸಿ ದೊಡ್ಡ ಪರೀಕ್ಷೆ ನಡೆಯಿತು. ಒಂದು ಗುಂಪಿಗೆ ಆಟದ ಯಂತ್ರ. ಇನ್ನೊಂದಕ್ಕೆ ಯಂತ್ರವಿಲ್ಲ, ಚಟುವಟಿಕೆಯಿಂದಿರಲು ಸಲಹೆ ಮತ್ತು ಫೋನಿನಲ್ಲಿ ಪ್ರೋತ್ಸಾಹ. ಮೂರು ತಿಂಗಳ ನಂತರ ನಡಿಗೆಯಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಆಟ ವ್ಯರ್ಥವೆ? ಹಾಗೆ ಹೇಳಲಾಗದು. ಯಂತ್ರದಲ್ಲಿ ಮಂತ್ರಶಕ್ತಿಯಿಲ್ಲ ಎಂಬುದಷ್ಟೇ ಇದರ ಪಾಠ. ಮೊದಲಿನ ಸಣ್ಣ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿ ಕಂಡಿತ್ತು: ಮೊಮ್ಮಕ್ಕಳಿದ್ದವರು ಹೆಚ್ಚು ಹೊತ್ತು ಆಡಿದ್ದರು! ನಡೆಯಿರೆಂದು ಹತ್ತು ಸಲ ಹೇಳಿದರೂ ಏಳದ ಅಜ್ಜ, “ಅಜ್ಜಾ, ಒಂದು ಆಟ ಆಡುವ ಬನ್ನಿ” ಎಂದು ಮೊಮ್ಮಗು ಕೈಹಿಡಿದು ಎಳೆದರೆ ಏಳದಿರುತ್ತಾರೆಯೆ?

‘ವೀ’ ಯಂತ್ರ ಈಗ ತಯಾರಾಗುತ್ತಿಲ್ಲ. ಅದೇ ಬಗೆಯ ‘ಸ್ವಿಚ್ ಸ್ಪೋರ್ಟ್ಸ್’ ಎಂಬ ಆಟ 2022ರಲ್ಲಿ ಬಂದಿದೆ. ಮಕ್ಕಳಿಗೆಂದು ಇಂಥದ್ದನ್ನು ಕೊಂಡಿದ್ದರೆ ಹಿರಿಯರನ್ನೂ ಕರೆಯಿರಿ. ಇಲ್ಲದಿದ್ದರೆ ಇದಕ್ಕಾಗಿಯೇ ಹಣ ಸುರಿಯಬೇಕಾಗಿಲ್ಲ. ಚಾವಡಿಯಲ್ಲಿ ಮೊಮ್ಮಕ್ಕಳೊಡನೆ ಚೆಂಡು ಎಸೆದಾಡಬಹುದು, ಬಸದಿಯ ಸುತ್ತ ನಿಧಾನವಾಗಿ ಪ್ರದಕ್ಷಿಣೆ ಬರಬಹುದು.

ಕೆಲವು ಎಚ್ಚರಿಕೆಗಳು ಅಗತ್ಯ. ಎಷ್ಟು ಹೊತ್ತು, ಎಷ್ಟು ಶ್ರಮ ಎಂಬುದನ್ನು ಮೊದಲು ವೈದ್ಯರಲ್ಲಿ ಕೇಳಿ ತಿಳಿಯಬೇಕು. ಐದು ನಿಮಿಷದಿಂದ ಆರಂಭಿಸಿ ಮೆಲ್ಲಮೆಲ್ಲನೆ ಹೆಚ್ಚಿಸಬೇಕು. ಆಡುತ್ತಲೇ ಮಾತನಾಡಲು ಆಗುವಷ್ಟು ಶ್ರಮ ಸಾಕು. ಎದೆನೋವು, ತಲೆಸುತ್ತು, ವಿಪರೀತ ಎದೆಬಡಿತ ಕಂಡರೆ ಕೂಡಲೇ ನಿಲ್ಲಿಸಬೇಕು. ಕುಳಿತ ಮೇಲೂ ಕಡಿಮೆಯಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಎರಡು ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದರೆ ಮೈಯಲ್ಲಿ ನೀರು ತುಂಬುತ್ತಿರುವ ಸೂಚನೆ. ಆಟ ಬಿಟ್ಟು ವೈದ್ಯರನ್ನು ಕಾಣಬೇಕು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಗಳಲ್ಲಿ, ಮಕ್ಕಳು ಶಾಲೆಯಿಂದ ಬಂದ ಕೂಡಲೇ, ಊಟಕ್ಕೆ ಮುಂಚೆಯೇ ಆಡುವುದು ಅನುಕೂಲ. ಉಪವಾಸದ ದಿನ ಶ್ರಮದ ಆಟ ಬೇಡ. ನೀರು ಇಳಿಸುವ ಮಾತ್ರೆ ಸೇವಿಸುವವರು ನಿರ್ಜಲ ಉಪವಾಸ ಹಿಡಿಯುವ ಮೊದಲು ವೈದ್ಯರ ಮಾತು ಕೇಳಲೇಬೇಕು.

ಹಿರಿಯರ ಸೇವೆಯೆಂದರೆ ಕುಳಿತಲ್ಲಿಗೆ ತಟ್ಟೆ ತಂದಿಡುವುದು ಎಂದು ನಾವು ತಿಳಿದಿದ್ದೇವೆ. ಅವರ ಜೊತೆಗೆ ದಿನಕ್ಕೆ ಅರ್ಧ ಗಂಟೆ ಎದ್ದು ನಿಲ್ಲುವುದೂ ಸೇವೆಯೇ. ಈ ಸೇವೆಯನ್ನು ಮನೆಯ ಮಕ್ಕಳು ನಗುನಗುತ್ತಾ ಮಾಡಬಲ್ಲರು.