ತಿಂಗಳು ಬಾಳುವ ರೊಟ್ಟಿ, ದಿನವೂ ಬಾಳದ ಸೀತನಿ



ಮುಂಬಯಿಯಿಂದಲೋ ಬೆಂಗಳೂರಿನಿಂದಲೋ ನಿಮ್ಮ ಮನೆಗೆ ಒಬ್ಬ ಗೆಳೆಯ ಬಂದಿದ್ದಾನೆ ಎಂದು ತಿಳಿಯಿರಿ. ಊಟಕ್ಕೆ ಕೂತಾಗ ಅವ್ವ ಗಂಗಾಳದಲ್ಲಿ ಖಡಕ್ ರೊಟ್ಟಿ ಇಡುತ್ತಾಳೆ. ಅವನು ಅದನ್ನು ಬೆರಳಿನಿಂದ ಬಡಿದು ನೋಡಿ, "ಇದೇನು, ಹಪ್ಪಳವೇ?" ಎನ್ನುತ್ತಾನೆ. ನಿಮಗೆ ನಗು ಬರುತ್ತದೆ. "ಅಲ್ಲೋ, ಜೋಳದ ರೊಟ್ಟಿ. ತಿಂಗಳಾದ್ರೂ ಕೆಡೂದಿಲ್ಲ" ಎನ್ನುತ್ತೀರಿ. ಅವನು ಬಿಡುವುದಿಲ್ಲ. "ಯಾಕೆ ಕೆಡೋದಿಲ್ಲ?"

ಈಗ ನೀವು ಸುಮ್ಮನಾಗುತ್ತೀರಿ. ಸೋಲಾಪುರ, ಅಕ್ಕಲಕೋಟೆ ಕಡೆಯ ನಾವು ದಿನಾ ತಿನ್ನುವ ಪದಾರ್ಥ ಇದು. ಆದರೂ ಉತ್ತರ ಥಟ್ಟನೆ ಬರುವುದಿಲ್ಲ. ಬನ್ನಿ, ಈ ಸಲ ನಮ್ಮ ಅಡುಗೆಮನೆಯಲ್ಲೇ ಸ್ವಲ್ಪ ವಿಜ್ಞಾನ ಕಲಿಯೋಣ.

ಎಸರು ಏಕೆ ಬೇಕು?

ಗೋಧಿ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಬಹುದು. ಜೋಳದ ಹಿಟ್ಟಿಗೆ ಅಜ್ಜಿ ಮೊದಲು ಎಸರು ಕಾಯಿಸುತ್ತಾಳೆ. "ಬಿಸಿನೀರ ಹಾಕಲಿಲ್ಲಂದ್ರ ರೊಟ್ಟಿ ಹರೀತದ" ಎನ್ನುತ್ತಾಳೆ. ಅವಳ ಮಾತು ಪೂರ್ಣ ಸತ್ಯ.

ಗೋಧಿಯಲ್ಲಿ ಗ್ಲುಟೆನ್ ಎಂಬ ಪ್ರೋಟೀನು ಇದೆ. ನೀರು ಸೇರಿಸಿ ನಾದಿದಾಗ ಅದು ರಬ್ಬರಿನಂಥ ಬಲೆ ಹೆಣೆಯುತ್ತದೆ. ಆದ್ದರಿಂದಲೇ ಚಪಾತಿ ಎಳೆದರೆ ಹಿಗ್ಗುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಅದರ ಮುಖ್ಯ ಪ್ರೋಟೀನು ಕಾಫಿರಿನ್. ಅದು ಸಣ್ಣ ಗುಳಿಗೆಗಳಂತೆ ಮುಚ್ಚಿಕೊಂಡಿರುತ್ತದೆ, ಬಲೆ ಹೆಣೆಯುವುದಿಲ್ಲ. ಹಾಗಾದರೆ ಹಿಟ್ಟಿಗೆ ಜಿಗಿ ಎಲ್ಲಿಂದ ಬರಬೇಕು? ಪಿಷ್ಟದಿಂದ. ಸುಮಾರು 70 ಡಿಗ್ರಿ ಸೆಲ್ಸಿಯಸ್ ಬಿಸಿ ತಗುಲಿದಾಗ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಅಂಟಿನಂತಾಗುತ್ತವೆ. ಕುದಿಯುವ ಎಸರು ಹಿಟ್ಟಿನ ಒಂದು ಭಾಗವನ್ನು ಹೀಗೆ ಅಂಟಾಗಿಸುತ್ತದೆ, ಆ ಅಂಟು ಉಳಿದ ಹಿಟ್ಟನ್ನು ಹಿಡಿದಿಡುತ್ತದೆ. ಆಮೇಲೆ ಎಷ್ಟು ನಾದಿದರೆ ಅಷ್ಟು ಒಳ್ಳೆಯದು.

ರೊಟ್ಟಿ ಏಕೆ ಕೆಡುವುದಿಲ್ಲ?

ಮೆತ್ತನೆಯ ರೊಟ್ಟಿಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಎರಡು ಮೂರು ದಿನಕ್ಕೆ ಬೂಸು ಬರುತ್ತದೆ. ಖಡಕ್ ರೊಟ್ಟಿಯನ್ನು ಹಾಗೆ ಬಿಡುವುದಿಲ್ಲ. ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಆಮೇಲೆ ಕೆಂಡದ ಸುತ್ತ ನಿಲ್ಲಿಸಿ ನಿಧಾನವಾಗಿ ಒಣಗಿಸುತ್ತಾರೆ. ಹಂಚಿನ ಮೇಲೆ ಆಗುವುದು ಬೇಯುವ ಕೆಲಸ. ಕೆಂಡದ ಮುಂದೆ ಆಗುವುದು ನೀರು ಹೊರಹಾಕುವ ಕೆಲಸ.

ಬೂಸು, ಬ್ಯಾಕ್ಟೀರಿಯಾ ಎಲ್ಲವೂ ಜೀವಿಗಳೇ. ಅವಕ್ಕೂ ನೀರು ಬೇಕು. ಆಹಾರದಲ್ಲಿ ಅವುಗಳಿಗೆ ಸಿಗುವಂಥ ನೀರು ಎಷ್ಟಿದೆ ಎಂಬುದನ್ನು ವಿಜ್ಞಾನಿಗಳು 0ದಿಂದ 1ರವರೆಗಿನ ಒಂದು ಅಳತೆಯಲ್ಲಿ ಹೇಳುತ್ತಾರೆ. ಇದಕ್ಕೆ ಜಲ ಚಟುವಟಿಕೆ ಎಂದು ಹೆಸರು. ಶುದ್ಧ ನೀರಿಗೆ ಇದು 1. ಬಹಳಷ್ಟು ಬ್ಯಾಕ್ಟೀರಿಯಾಗಳಿಗೆ 0.9ಕ್ಕಿಂತ ಹೆಚ್ಚು ಬೇಕು. ಬೂಸು ಇನ್ನೂ ಕಡಿಮೆ ನೀರಿನಲ್ಲಿ ಬದುಕಬಲ್ಲದು. ಆದರೆ 0.6ಕ್ಕಿಂತ ಕೆಳಗೆ ಯಾವ ಸೂಕ್ಷ್ಮಜೀವಿಯೂ ಬೆಳೆಯಲಾರದು. ಚೆನ್ನಾಗಿ ಒಣಗಿದ ರೊಟ್ಟಿ ಈ ಗೆರೆಯ ಕೆಳಗೆ ಇರುತ್ತದೆ. ಯಾವ ಔಷಧಿಯೂ ಬೇಡ, ಫ್ರಿಜ್ ಬೇಡ.

ಮಳೆಗಾಲದಲ್ಲಿ ಅದೇ ರೊಟ್ಟಿ ಮೆತ್ತಗಾಗುವುದನ್ನು ನೋಡಿದ್ದೀರಿ. ಗಾಳಿಯ ತೇವವನ್ನು ಅದು ಹೀರಿಕೊಂಡಿರುತ್ತದೆ. ನಮ್ಮದು ಒಣಹವೆಯ ನಾಡು, ಆದ್ದರಿಂದ ಈ ಉಪಾಯ ಇಲ್ಲಿ ಚೆನ್ನಾಗಿ ನಡೆಯುತ್ತದೆ. ಕೊಂಕಣದ ಕರಾವಳಿಯಲ್ಲಿ ಇಷ್ಟು ಸುಲಭವಲ್ಲ.

ರೊಟ್ಟಿಯ ಜೊತೆಗಾರ ಶೇಂಗಾ ಹಿಂಡಿಯೂ ಇದೇ ಜಾತಿಯದು. ಹುರಿದಾಗ ಶೇಂಗಾದ ತೇವ ಹೋಗುತ್ತದೆ. ಶೇಂಗಾ ಬೀಜದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧ ಎಣ್ಣೆಯೇ. ಖಾರ, ಬಳ್ಳೊಳ್ಳಿ ಹಾಕಿ ಒರಳಲ್ಲಿ ಕುಟ್ಟಿದಾಗ ಜೀವಕೋಶಗಳು ಒಡೆದು ಆ ಎಣ್ಣೆ ಹೊರಬರುತ್ತದೆ. ಹಿಂಡಿಗೆ ಬೇಗ ಬೂಸು ಬರುವುದಿಲ್ಲ, ಆದರೆ ಎಣ್ಣೆಗೆ ಗಾಳಿಯ ಆಮ್ಲಜನಕ ತಗುಲಿ ಕಮಟು ವಾಸನೆ ಬರುತ್ತದೆ. ಡಬ್ಬಿ ಬಿಗಿಯಾಗಿ ಮುಚ್ಚಿಡಬೇಕು. ಹುರಿಯುವ ಮೊದಲೇ ಬೂಸು ಹಿಡಿದ, ಕಪ್ಪಾದ ಕಾಳು ಆರಿಸಿ ಎಸೆಯಿರಿ. ಅಂಥ ಬೂಸಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು, ಅದು ಹುರಿದರೂ ಪೂರ್ತಿ ಹೋಗುವುದಿಲ್ಲ.

ಸೀತನಿಗೆ ಏಕೆ ಇಷ್ಟು ಅವಸರ?

ಈಗ ಇದಕ್ಕೆ ತೀರಾ ವಿರುದ್ಧವಾದ ಪದಾರ್ಥ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಅಂಬಲಿ, ಕಡಬು ಉಂಡು ಬಂದ ಮೇಲೆ ಮಕ್ಕಳೆಲ್ಲ ಕಾಯುವುದು ಸೀತನಿಗೆ. ಮರಾಠಿಯಲ್ಲಿ ಇದನ್ನೇ ಹುರಡಾ ಎನ್ನುತ್ತಾರೆ. ಎಳೆ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬೆಲ್ಲ ಇಲ್ಲವೇ ಹಿಂಡಿಯ ಜೊತೆ ತಿನ್ನುವುದು.

ಎಲೆ ಬಿಸಿಲಿನಲ್ಲಿ ಸಕ್ಕರೆ ತಯಾರಿಸಿ ತೆನೆಗೆ ಕಳಿಸುತ್ತದೆ. ಕಾಳು ಆ ಸಕ್ಕರೆಯನ್ನು ಪಿಷ್ಟವಾಗಿ ಕೂಡಿಡುತ್ತದೆ. ಮೊದಲು ಕಾಳು ಒತ್ತಿದರೆ ಹಾಲು ಬರುತ್ತದೆ, ಆಮೇಲೆ ನಾದಿದ ಹಿಟ್ಟಿನಂತಾಗುತ್ತದೆ, ಕೊನೆಗೆ ಗಟ್ಟಿ. ಹಾಲು ಆರಿ ಹಿಟ್ಟಾಗುವ ಹೊತ್ತೇ ಸೀತನಿಯ ಹೊತ್ತು. ಆಗ ಇನ್ನೂ ಸ್ವಲ್ಪ ಸಕ್ಕರೆ ಉಳಿದಿರುತ್ತದೆ, ಅದಕ್ಕೇ ಸಿಹಿ. ತೆನೆ ಕೊಯ್ದ ಮೇಲೂ ಕಾಳಿನೊಳಗಿನ ಕೆಲಸ ನಿಲ್ಲುವುದಿಲ್ಲ, ಸಿಹಿ ಕಡಿಮೆಯಾಗುತ್ತಾ ಹೋಗುತ್ತದೆ. ಕಾಳಿನಲ್ಲಿ ನೀರೂ ಬಹಳ. ಆದ್ದರಿಂದ ಸೀತನಿಯನ್ನು ಹೊಲದಲ್ಲೇ ತಿನ್ನಬೇಕು. ಹೊರಗಿನವರು ಇದರ ಹೆಸರನ್ನೇ ಕೇಳದಿರುವುದಕ್ಕೆ ಇದೂ ಒಂದು ಕಾರಣ. ರೊಟ್ಟಿ ರೈಲು ಹತ್ತಿ ಮುಂಬಯಿಗೆ ಹೋಗುತ್ತದೆ, ಸೀತನಿ ಬದು ದಾಟುವುದಿಲ್ಲ.

ಕಡಿಮೆ ನೀರಿನ ಬೆಳೆ

ನಮ್ಮ ಹಿಂಗಾರಿ ಜೋಳವೂ ನೀರಿನ ವಿಷಯದಲ್ಲಿ ಬಹಳ ಜಾಣ. ಎರಿಮಣ್ಣು ಮಳೆಯ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ ಜೋಳ ಆ ತೇವದ ಮೇಲೆಯೇ, ಜೊತೆಗೆ ಚಳಿಗಾಲದ ಇಬ್ಬನಿಯಲ್ಲಿ ಬೆಳೆಯುತ್ತದೆ. ಇಲ್ಲಿನ ಹೆಸರಾದ ತಳಿ ಮಾಲದಂಡಿ. ಅದರಿಂದ ಆರಿಸಿ ತೆಗೆದ ಎಂ 35-1 ನಮ್ಮ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ರೂಪುಗೊಂಡಿತು. ಇಂದಿಗೂ ರೈತರು ಅದನ್ನು ಬಿತ್ತುತ್ತಾರೆ. ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು.

ಆದರೂ ಕಾಲುವೆ, ಬೋರಿನ ನೀರು ಬಂದಲ್ಲೆಲ್ಲ ಕಬ್ಬು ಬರುತ್ತಿದೆ. ರೈತನ ತಪ್ಪೇನೂ ಇಲ್ಲ, ಕಬ್ಬಿಗೆ ರೊಕ್ಕ ಹೆಚ್ಚು. ಆದರೆ ಸೀತನಿಗೆಂದೇ ಬಿತ್ತುತ್ತಿದ್ದ ಸಕ್ರಿ ಮುಕ್ರಿ, ಗುಳಭೇಂಡಿಯಂಥ ತಳಿಗಳು ಒಂದು ಸಾಲೂ ಇಲ್ಲದಂತಾದರೆ ಆ ಬೀಜವನ್ನು ಯಾವ ಕಾರ್ಖಾನೆಯೂ ಮರಳಿ ಮಾಡಿಕೊಡಲಾರದು. ಬೀಜ ಹೋದರೆ ರುಚಿ ಹೋಯಿತು, ರುಚಿ ಹೋದರೆ ಸೀತನಿ ಎಂಬ ಕನ್ನಡದ ಮಾತೂ ಹೋಯಿತು.

ನೀವೇ ಮಾಡಿ ನೋಡಿ

1. ಹಂಚಿನಿಂದ ತೆಗೆದ ಒಂದು ರೊಟ್ಟಿಯನ್ನು ತೂಗಿ ಬರೆದುಕೊಳ್ಳಿ. ಅದನ್ನೇ ಪೂರ್ತಿ ಒಣಗಿಸಿ ಮತ್ತೆ ತೂಗಿ. ಕಡಿಮೆಯಾದ ತೂಕವೇ ಹೊರಹೋದ ನೀರು. ಶೇಕಡಾ ಎಷ್ಟು?

2. ಖಡಕ್ ರೊಟ್ಟಿಯ ಎರಡು ತುಂಡು ತೆಗೆದುಕೊಳ್ಳಿ. ಒಂದಕ್ಕೆ ನೀರು ಚಿಮುಕಿಸಿ. ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಮುಚ್ಚಿ ಐದು ದಿನ ನೋಡಿ. ಬೂಸು ಬಂದುದನ್ನು ಮುಟ್ಟಬೇಡಿ, ಮೂಸಬೇಡಿ, ತಿನ್ನಲಂತೂ ಬೇಡ.

3. ಅಜ್ಜ ಅಜ್ಜಿಯರಿಗೆ ತಿಳಿದಿರುವ ಜೋಳದ ತಳಿಗಳ ಹೆಸರು ಕೇಳಿ ಬರೆದುಕೊಳ್ಳಿ. ಈಗಲೂ ಯಾರ ಹೊಲದಲ್ಲಿ ಯಾವುದು ಇದೆ, ಅದನ್ನೂ ಬರೆಯಿರಿ.

ಮುಂದಿನ ಸಲ ಶಾಲೆಯಲ್ಲಿ ಬುತ್ತಿ ಬಿಚ್ಚುವಾಗ ರೊಟ್ಟಿಯನ್ನು ಮುಚ್ಚಿಕೊಂಡು ತಿನ್ನಬೇಡಿ. ಯಾರಾದರೂ "ಇದೇನು?" ಎಂದು ಕೇಳಿದರೆ ಒಂದು ತುಂಡು ಮುರಿದು ಕೊಡಿ. ಏಕೆ ಕೆಡುವುದಿಲ್ಲ ಎಂಬುದನ್ನೂ ಹೇಳಿ. ಈಗ ನಿಮಗೆ ಗೊತ್ತಿದೆಯಲ್ಲ.