ಜೆಟ್ ಎಂಜಿನ್ನಿನ ಅರಳುವ ಬಾಯಿ

ಗಿಡಗಳಿಗೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಚಿಮ್ಮುತ್ತದಲ್ಲವೇ? ಜೆಟ್ ಎಂಜಿನ್ನಿನ ಹಿಂಬದಿಯ ನಾಜಲ್ ಕೂಡ ಬಿಸಿ ಅನಿಲವನ್ನು ಹೀಗೇ ರಭಸದಿಂದ ಹೊರದೂಡುತ್ತದೆ. ಪ್ರಯಾಣಿಕರ ವಿಮಾನಗಳಲ್ಲಿ ಸಾಮಾನ್ಯವಾಗಿ ಇದರ ಅಳತೆ ಬದಲಾಗದು.

ಯುದ್ಧವಿಮಾನದಲ್ಲಿ ಹಾಗಲ್ಲ. ಪೈಲಟ್ ಆಫ್ಟರ್‌ಬರ್ನರ್ ಹಚ್ಚಿದರೆ ಟರ್ಬೈನಿನ ಹಿಂದೆ ಮತ್ತಷ್ಟು ಇಂಧನ ಉರಿದು ಅನಿಲ ಹಿಗ್ಗುತ್ತದೆ. ಆಗಲೂ ಬಾಯಿ ಕಿರಿದಾಗಿಯೇ ಇದ್ದರೆ ಒತ್ತಡ ಏರಿ, ಮುಂದಿನ ಕಂಪ್ರೆಸರಿನಲ್ಲಿ ಗಾಳಿಯ ಹರಿವೇ ಕೆಟ್ಟು, ಎಂಜಿನ್ ಆರಿಹೋಗಬಹುದು. ನಮ್ಮ ತೇಜಸ್‌ಗೆ ಇರುವುದು ಒಂದೇ ಎಂಜಿನ್! ಅದಕ್ಕೇ ಒಂದರ ಮೇಲೊಂದು ಜೋಡಿಸಿದ ಲೋಹದ ಎಸಳುಗಳು ಹೂವಿನಂತೆ ಅರಳಿ ಅನಿಲಕ್ಕೆ ದಾರಿ ಬಿಡುತ್ತವೆ.

1944ರಲ್ಲಿ ಬಳಕೆಗೆ ಬಂದ ಜರ್ಮನಿಯ ಮೆಸ್ಸರ್‌ಶ್ಮಿಟ್ 262 ವಿಮಾನದಲ್ಲಿ ಎಸಳುಗಳಿರಲಿಲ್ಲ. ನಾಜಲ್ ನಡುವಿನ ಶಂಕುವೊಂದು ಹಿಂದೆಮುಂದೆ ಸರಿದು ಕಿಂಡಿಯನ್ನು ಹಿರಿದು ಕಿರಿದು ಮಾಡುತ್ತಿತ್ತು. ಆಕಾರ ನೋಡಿ ಅದಕ್ಕೆ ಬಿದ್ದ ಅಡ್ಡಹೆಸರು ‘ಈರುಳ್ಳಿ’!